ಸಹಾಯ ಬೇಕು: ಎಚ್‌ಐವಿ ಇರುವ ಗೆಳೆಯನಿಗೆ ಹಾಸ್ಟೆಲ್‌ನಲ್ಲಿ ಭೇದ ಮಾಡ್ತಿದ್ದಾರೆ, ದೂರು ಕೊಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದು ಎಂಎ ಓದುತ್ತಿದ್ದೇನೆ. ಇಲ್ಲಿ ನನ್ನ ಗೆಳೆಯನೊಬ್ಬನಿಗೆ ಎಚ್‌ಐವಿ ಇದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿದವನಲ್ಲ. ಹೋದ ವಾರ ಯಾರೋ ಅವನ ಮಾತ್ರೆ ಡಬ್ಬಿಯ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಈಗ ಮೆಸ್ಸಿನಲ್ಲಿ ಪಕ್ಕ ಯಾರೂ ಕೂರುತ್ತಿಲ್ಲ, ವಾರ್ಡನ್ ಬೇರೆ "ಸುಮ್ನೆ ಹೊರಗೆ ರೂಮ್ ನೋಡ್ಕೊ" ಅಂದಿದ್ದಾರೆ. ಜೊತೆಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ ಇದು ಹರಡಲ್ಲ, ಇಷ್ಟು ಓದಿದವರಿಗೆ ಗೊತ್ತಿರಬೇಕು ಅಲ್ವಾ? ಯಾರಾದರೂ ನೋಡುತ್ತಾರೆ ಅಂತ ಅವನೀಗ ಮಾತ್ರೆ ನುಂಗೋಕೂ ಹಿಂಜರಿಯುತ್ತಿದ್ದಾನೆ. ನನಗೆ ಜಾಸ್ತಿ ಭಯ ಅದೇ.

2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅಂತ ಓದುವ ಜಾಗದಲ್ಲಿ ಭೇದ ಮಾಡುವಂತಿಲ್ಲ. 100 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಲೇಬೇಕು. ನಮ್ಮಲ್ಲಿ ಯಾರು ಅಂತ ಕೇಳಿದರೆ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಇಂಥ ದೂರು ಬರೆದು ಅನುಭವ ಇರುವವರು, ವಕೀಲರು, ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ಯಾರಾದರೂ ಇದ್ದೀರಾ? ಅವನ ಹೆಸರು ಇನ್ನಷ್ಟು ಹರಡದ ಹಾಗೆ ದೂರು ಕೊಡಬೇಕು. 1097 ಎಚ್‌ಐವಿ-ಏಡ್ಸ್ ಸಹಾಯವಾಣಿಗೆ ನಾಳೆ ಇಬ್ಬರೂ ಸೇರಿ ಫೋನ್ ಮಾಡುತ್ತೇವೆ. ದಯವಿಟ್ಟು ಅವನು ಯಾರು, ಯಾವ ಕಾಲೇಜು ಅಂತ ಕೇಳಬೇಡಿ.