ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ: ಕಾರಿಗೆ 8 ವರ್ಷ, 92,000 ಕಿ.ಮೀ. ಆಗಿದೆ. ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ 6 ಗೇರಿನ ಆಟೋಮ್ಯಾಟಿಕ್. ಬೆಳಿಗ್ಗೆ ತಣ್ಣಗಿದ್ದಾಗ ರಿವರ್ಸ್‌ಗೆ ಹಾಕಿದರೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಧಡಕ್ ಎಂದು ಹಿಡಿಯುತ್ತದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಬದಲಿಸಿಲ್ಲ. ಕೈಪಿಡಿಯಲ್ಲಿ ‘ಬದಲಿಸಬೇಕಿಲ್ಲ’ ಎಂದೇ ಇದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಹುಡುಕಿದರೆ ಇಂಜಿನ್ನಿನದು ಮಾತ್ರ ಸಿಕ್ಕಿತು. ಬದಲಿಸಬೇಕಾ, ಬಿಡಬೇಕಾ? ನಾನೇ ಮಾಡಬಹುದಾ?

ಉತ್ತರ 1: ಬದಲಿಸಿ. ಎಷ್ಟೋ ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಅದೇ ಗೇರ್‌ಬಾಕ್ಸ್ ಕೂತಿರುವ ಕಾರಿನ ಕೈಪಿಡಿ ಬೇಡ ಎನ್ನುತ್ತದೆ. ನಾನಂತೂ ಗೇರ್‌ಬಾಕ್ಸ್ ಮಾಡಿದವರ ಮಾತು ಕೇಳುತ್ತೇನೆ.

ಡಿಪ್‌ಸ್ಟಿಕ್ ಸಿಗದಿದ್ದರೆ ಗಾಬರಿ ಬೇಡ. ಈಗಿನ ಬಹಳಷ್ಟು ಗೇರ್‌ಬಾಕ್ಸ್‌ಗಳಿಗೆ ಅದು ಇರುವುದೇ ಇಲ್ಲ. ಕೆಳಗೆ ಒಂದು ಲೆವೆಲ್ ಪ್ಲಗ್ ಇರುತ್ತದೆ. ಕಾರು ನಾಲ್ಕೂ ಕಡೆ ಸಮವಾಗಿ ಎತ್ತಿ ನಿಲ್ಲಬೇಕು. ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ. ಇಂಜಿನ್ ಆನ್ ಇರಬೇಕು. ಬ್ರೇಕ್ ಒತ್ತಿಕೊಂಡು ಎಲ್ಲಾ ಗೇರಿಗೂ ಕೆಲವು ಸೆಕೆಂಡ್ ಹಾಕಿ ಮತ್ತೆ ಪಾರ್ಕ್‌ಗೆ ತರಬೇಕು. ಆಯಿಲ್ ಬಿಸಿ ಕಂಪನಿ ಹೇಳಿದಷ್ಟೇ ಇದ್ದಾಗ ಪ್ಲಗ್ ಬಿಚ್ಚಬೇಕು. ನನ್ನ ಕಾರಿಗೆ ಅದು 35ರಿಂದ 45 ಡಿಗ್ರಿ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದ್ದರೆ ಡಿಗ್ರಿ ಗೊತ್ತಾಗುತ್ತದೆ. ಆಯಿಲ್ ದಾರದ ಹಾಗೆ ಸುರಿದು, ಆಮೇಲೆ ತೊಟ್ಟು ತೊಟ್ಟಾದಾಗ ಮುಚ್ಚಿ. ಏನೂ ಬರದಿದ್ದರೆ ಆಯಿಲ್ ಕಡಿಮೆ ಇದೆ ಅಂತ ಲೆಕ್ಕ.

ನಾನು ಮೊದಲ ಸಲ ಮಾಡಿದಾಗ ಎಡವಟ್ಟು ಮಾಡಿಕೊಂಡೆ. ಓಡಿಸಿ ಬಂದ ಬಿಸಿಯಲ್ಲೇ ಪ್ಲಗ್ ಬಿಚ್ಚಿದೆ. ಬಿಸಿ ಆಯಿಲ್ ಉಬ್ಬಿರುತ್ತದಲ್ವಾ, ಅರ್ಧ ಲೀಟರ್‌ಗಿಂತ ಜಾಸ್ತಿ ಹರಿದುಹೋಯಿತು. ತೊಟ್ಟಿಕ್ಕಿದಾಗ ಸರಿಯಾಯಿತು ಅಂದುಕೊಂಡು ಮುಚ್ಚಿದೆ. ಮಾರನೇ ದಿನ ತಿರುವಿನಲ್ಲಿ ಗೇರ್ ಜಾರಿತು. ಇಂಜಿನ್ ಗುಂಯ್ ಎನ್ನುತ್ತಿದೆ, ಕಾರು ಮುಂದೆ ಹೋಗುತ್ತಿಲ್ಲ.

ಉತ್ತರ 2: ಒಂದೇ ಮಾತು. ಸುರಿಯುವ ಪ್ಲಗ್ ಬಿಚ್ಚುವ ಮೊದಲು ತುಂಬಿಸುವ ಪ್ಲಗ್ ಬಿಚ್ಚಿ ನೋಡಿ. ಖಾಲಿ ಮಾಡಿಬಿಟ್ಟು, ಆಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಕಾರು ಅಲ್ಲೇ ಉಳಿಯುತ್ತದೆ. ನನ್ನದು ಎರಡು ದಿನ ಹಾಗೇ ಉಳಿದಿತ್ತು.

ಉತ್ತರ 3: ಕೆಳಗೆ ಎರಡು ಡ್ರೇನ್ ಪ್ಲಗ್ ಕಂಡರೆ ಯಾವುದು ಯಾವುದರದ್ದು ಅಂತ ಖಾತ್ರಿ ಮಾಡಿಕೊಳ್ಳಿ. ನಾನು ಒಮ್ಮೆ ಇಂಜಿನ್ ಆಯಿಲ್ ಬದಲಿಸಲು ಹೋಗಿ ಗೇರ್‌ಬಾಕ್ಸ್ ಖಾಲಿ ಮಾಡಿದೆ. ಟ್ರೇನಲ್ಲಿ ಕೆಂಪು ಬಣ್ಣ ನೋಡಿದಾಗಲೇ ಹೊಟ್ಟೆ ತಳಮಳ ಎಂದಿತು. ಪುಣ್ಯಕ್ಕೆ ಇಂಜಿನ್ನಿಗೆ ಇನ್ನೂ ಹೊಸದು ಸುರಿದಿರಲಿಲ್ಲ.

ಇನ್ನು ಲೆಕ್ಕ. ಪ್ಲಗ್ ಬಿಚ್ಚಿದರೆ ಎಲ್ಲಾ ಆಯಿಲ್ ಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಪೈಪಿನಲ್ಲಿ ತುಂಬಾ ಉಳಿಯುತ್ತದೆ. ನನ್ನದರಲ್ಲಿ ಒಟ್ಟು 7 ಲೀಟರ್, ಬರುವುದು 3. ಮಧ್ಯೆ ಸ್ವಲ್ಪ ಸ್ವಲ್ಪ ಓಡಿಸಿ ಮೂರು ಸಲ ಹೀಗೆ ಮಾಡಿದರೆ ನೂರಕ್ಕೆ 80 ಭಾಗ ಹೊಸದಾಗುತ್ತದೆ. ಹಳೆಯ ಆಯಿಲ್ ಪೂರ್ತಿ ತಣ್ಣಗಾದ ಮೇಲೆ ಸುರಿಸಿ, ಅಳತೆ ಪಾತ್ರೆಯಲ್ಲಿ ಅಳೆದು, ಅಷ್ಟೇ ಹೊಸದು ಹಾಕಿ. ಲೆವೆಲ್, ಡಿಗ್ರಿ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಉತ್ತರ 4: ಸ್ವಲ್ಪ ತಡೆಯಿರಿ. ಅಷ್ಟೇ ಹಾಕಿ ಎನ್ನುವುದು, ಮೊದಲೇ ಲೆವೆಲ್ ಸರಿ ಇದ್ದರೆ ಮಾತ್ರ. ಇವರ ಕಾರು ತಡವಾಗಿ ಹಿಡಿಯುತ್ತಿದೆ. ಆಯಿಲ್ ಕಡಿಮೆ ಇದ್ದರೂ ಹಾಗಾಗುತ್ತದೆ. ಹಾಗಂತ ಜಾಸ್ತಿಯೂ ತುಂಬಬೇಡಿ. ಒಳಗೆ ತಿರುಗುವ ಭಾಗ ಕಡೆದು ನೊರೆ ಬರಿಸುತ್ತದೆ. ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ.

ಬಣ್ಣ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಕಂದು ಆಗಿದ್ದರೆ ಹಳತಾಗಿದೆ, ಅಷ್ಟೇ. ಸೀದ ವಾಸನೆ ಬಂದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಸುಟ್ಟಿರಬಹುದು. ತಿಳಿ ಗುಲಾಬಿ ಬಣ್ಣದ ಹಾಲಿನ ಹಾಗಿದ್ದರೆ ರೇಡಿಯೇಟರ್ ಕಡೆಯಿಂದ ಕೂಲಂಟ್ ಸೇರಿರಬಹುದು. ಆಗ ಓಡಿಸಲೇಬೇಡಿ. ಗೇರ್‌ಬಾಕ್ಸ್ ತಳದ ಪ್ಯಾನ್ ಬಿಚ್ಚಿದರೆ ಒಳಗಿನ ಮ್ಯಾಗ್ನೆಟ್ ಒರೆಸಿ. ಕಾಡಿಗೆಯಂಥ ನುಣ್ಣನೆ ಮಡ್ಡಿ ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅದು ಬೇರೆ ಕಥೆ, ಹೊಸ ಆಯಿಲ್‌ನಿಂದ ಸರಿ ಹೋಗುವುದಿಲ್ಲ.

ಆಯಿಲ್ ಕೈಪಿಡಿಯಲ್ಲಿ ಬರೆದದ್ದೇ ಆಗಬೇಕು. ‘ಎಲ್ಲಾ ಒಂದೇ’ ಎಂದವರ ಮಾತಿಗೆ ಒಮ್ಮೆ ಬಿದ್ದಿದ್ದೆ. ಕಾರು ಹೊರಟಾಗಲೆಲ್ಲಾ ನಡುಕ ಬರುತ್ತಿತ್ತು, ಸರಿಯಾದದ್ದು ಎರಡು ಸಲ ಹಾಕಿದ ಮೇಲೆ ನಿಂತಿತು. ಇದನ್ನು ಓದುತ್ತಿರುವ ಸಿವಿಟಿ (ಗೇರ್ ಹಂತಗಳೇ ಇಲ್ಲದ ಆಟೋಮ್ಯಾಟಿಕ್) ಕಾರಿನವರು ಈ ಆಯಿಲ್ ಹಾಕಬೇಡಿ, ನಿಮ್ಮದು ಬೇರೆ. ಎಎಂಟಿ ಎಂದರೆ ಕ್ಲಚ್, ಗೇರ್ ತಾನೇ ಹಾಕಿಕೊಳ್ಳುವ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಅದಕ್ಕೆ ಬೇಕಾದದ್ದು ಸಾಮಾನ್ಯವಾಗಿ ಗೇರ್ ಆಯಿಲ್.

ಪ್ರಶ್ನೆ ಕೇಳಿದವರು: ಮಾಡಿದೆ! ಮೇಲಿನ ಪ್ಲಗ್ ಮೊದಲು ಬಿಚ್ಚಿದೆ, ಉತ್ತರ 2ಕ್ಕೆ ವಂದನೆ. ತಣ್ಣಗಿದ್ದಾಗ ಬಂದದ್ದು 2.7 ಲೀಟರ್. ಕಾಫಿ ಡಿಕಾಕ್ಷನ್ ಬಣ್ಣ, ಆದರೆ ಸೀದ ವಾಸನೆ ಇಲ್ಲ, ಚೂರೂ ಇಲ್ಲ. ಹೊಸ ವಾಷರ್ ಹಾಕಿ 2.7 ಲೀಟರ್ ತುಂಬಿದೆ. 40 ಡಿಗ್ರಿಗೆ ಲೆವೆಲ್ ಪ್ಲಗ್ ಬಿಚ್ಚಿದರೆ ಒಂದು ತೊಟ್ಟೂ ಬರಲಿಲ್ಲ. ಇನ್ನೂ 600 ಮಿ.ಲೀ. ಹಾಕಿದ ಮೇಲೆ ತೊಟ್ಟಿಕ್ಕಿತು. ಇಷ್ಟು ದಿನ ಅಷ್ಟು ಕಡಿಮೆ ಆಯಿಲ್‌ನಲ್ಲೇ ಓಡಿಸುತ್ತಿದ್ದೆ.

ಎಲ್ಲಿಗೆ ಹೋಯಿತು ಅಂತ ಟಾರ್ಚ್ ಹಾಕಿ ನೋಡಿದೆ. ಎಡಗಡೆ ಆಕ್ಸಲ್ ಗೇರ್‌ಬಾಕ್ಸ್ ಸೇರುವ ಕಡೆ ಧೂಳು ಒದ್ದೆಯಾಗಿ ಅಂಟಿಕೊಂಡಿತ್ತು. ಅಲ್ಲಿನ ಆಯಿಲ್ ಸೀಲ್ ಬದಲಿಸಲು ಕಾರನ್ನು ಗ್ಯಾರೇಜಿಗೆ ಬಿಡುತ್ತಿದ್ದೇನೆ. ರಿವರ್ಸ್ ಈಗ ತಕ್ಷಣ ಹಿಡಿಯುತ್ತದೆ. ಧಡಕ್ ಮಾತ್ರ ಪೂರ್ತಿ ಹೋಗಿಲ್ಲ, ಮೆತ್ತಗಾಗಿದೆ. ಸೀಲ್ ಹಾಕಿಸಿ 1,000 ಕಿ.ಮೀ. ಓಡಿಸಿದ ಮೇಲೆ ಎರಡನೇ ಸಲ ಸುರಿಸುತ್ತೇನೆ.

ಉತ್ತರ 3: 600 ಮಿ.ಲೀ.! ಸರಿ, ನನ್ನ ‘ಅಷ್ಟೇ ಹಾಕಿ’ ವಾಪಸ್. ನನ್ನದನ್ನೂ ಈ ವಾರ ಲೆವೆಲ್ ನೋಡುತ್ತೇನೆ.