ಪದ್ಮಿನಿಯ ಗೇರ್‌ಬಾಕ್ಸ್: ನಾವೇ ಬಿಚ್ಚುವುದೋ, ಮೆಕ್ಯಾನಿಕ್‌ಗೆ ಒಪ್ಪಿಸುವುದೋ?

ಪ್ರಶ್ನೆ:
ನಮಸ್ಕಾರ. ತಂದೆಯವರು ಓಡಿಸುತ್ತಿದ್ದ 1982ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಬಳಿ ಇದೆ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ಕರ್ರೆಂದು ಸದ್ದಾಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎರಡನೇ ಗೇರು ತಾನಾಗಿಯೇ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಬ್ರೇಕ್, ಕಾರ್ಬ್ಯುರೇಟರ್ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ, ಆದರೆ ಗೇರ್‌ಬಾಕ್ಸ್ ಎಂದೂ ಬಿಚ್ಚಿದವನಲ್ಲ. ಸ್ವತಃ ಕೈಹಾಕಿದವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ:
ನನ್ನ ಪದ್ಮಿನಿಯ ಗೇರ್‌ಬಾಕ್ಸನ್ನು ನಾನೇ ಇಳಿಸಿ, ಬಿಚ್ಚಿ, ಜೋಡಿಸಿದ್ದೇನೆ. ಒಂದು ವಾರದ ಕೆಲಸವೆಂದುಕೊಂಡದ್ದು ಎರಡೂವರೆ ತಿಂಗಳು ಹಿಡಿಯಿತು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು, ದೋಷ ನಿಜಕ್ಕೂ ಗೇರ್‌ಬಾಕ್ಸಿನ ಒಳಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಈ ಕಾರಿನ ಗೇರ್ ಲಿವರ್ ಸ್ಟೀರಿಂಗ್ ಕಾಲಂನಲ್ಲಿರುವುದರಿಂದ ಕೈಯ ಚಲನೆ ಹಲವು ರಾಡ್ ಮತ್ತು ಬುಷ್‌ಗಳನ್ನು (ರಾಡ್‌ಗಳ ಕೀಲುಗಳಲ್ಲಿ ಕೂರುವ ಸಣ್ಣ ಬಳೆಗಳನ್ನು) ದಾಟಿ ಗೇರ್‌ಬಾಕ್ಸನ್ನು ಮುಟ್ಟುತ್ತದೆ. ಆ ಬುಷ್‌ಗಳು ಸವೆದಿದ್ದರೆ ಗೇರು ಪೂರ್ತಿ ಕೂರುವುದಿಲ್ಲ, ಪೂರ್ತಿ ಕೂರದ ಗೇರು ಹೊರಬೀಳುವುದು ಸಹಜ. ಬುಷ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ.

ಅನಂತರ ಕ್ಲಚ್ ನೋಡಿ. ಎಂಜಿನ್ ಐಡಲ್‌ನಲ್ಲಿರುವಾಗ ಕ್ಲಚ್ ಒತ್ತಿ ಹತ್ತು ಸೆಕೆಂಡು ಕಾದು ರಿವರ್ಸ್ ಹಾಕಿ. ಆಗಲೂ ಕರ್ರೆಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಸದ್ದಿಲ್ಲದೆ ಬಿದ್ದು, ಓಡುವಾಗ ಎರಡನೇ ಗೇರೊಂದೇ ಗಲಾಟೆ ಮಾಡಿದರೆ ಅದರ ಸಿಂಕ್ರೊ ರಿಂಗ್ (ಗೇರು ಕೂರುವ ಮುನ್ನ ತಿರುಗುವ ಭಾಗಗಳ ವೇಗವನ್ನು ಸರಿಹೊಂದಿಸುವ ಉಂಗುರ) ಸವೆದಿರುವ ಸಂಭವವೇ ಹೆಚ್ಚು. ಕೊನೆಯದಾಗಿ, ಕಾರು ಸ್ವಲ್ಪ ಓಡಿ ಆಯಿಲ್ ಬಿಸಿಯಿರುವಾಗಲೇ ಅದನ್ನು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಹಿತ್ತಾಳೆ ಬಣ್ಣದ ನುಣುಪು ಮಿಂಚು ಸಿಂಕ್ರೊ ಸವೆತದ್ದು. ಆಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರುಗಳು ಕಂಡರೆ ಹಲ್ಲೋ ಬೇರಿಂಗೋ ಹೋಗಿದೆ, ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಬಿಚ್ಚುವುದು ಕಷ್ಟವಲ್ಲ. ಆದರೆ ಎಚ್ಚರ ಬೇಕು: ನಾನು ಸೆಲೆಕ್ಟರ್ ರಾಡನ್ನು (ಒಳಗೆ ಗೇರು ಬದಲಿಸಲು ಸರಿಯುವ ಸರಳನ್ನು) ಎಳೆದ ಕ್ಷಣ ಒಂದು ಉಕ್ಕಿನ ಗುಂಡು ಸ್ಪ್ರಿಂಗಿನ ಒತ್ತಡಕ್ಕೆ ಚಿಮ್ಮಿ ಅಕ್ಕಿ ಡಬ್ಬದ ಹಿಂದೆ ಸೇರಿತು. ಅದನ್ನು ಹುಡುಕಲು ಒಂದು ಸಂಜೆ ಹೋಯಿತು. ಆ ರಾಡ್ ಎಳೆಯುವಾಗ ರಂಧ್ರದ ಮೇಲೆ ಬಟ್ಟೆ ಒತ್ತಿ ಹಿಡಿಯಿರಿ. ಕಷ್ಟವಿರುವುದು ಬಿಚ್ಚಿದ ಭಾಗದಲ್ಲಿ ಯಾವುದು ಇನ್ನೂ ಬಾಳುತ್ತದೆ, ಯಾವುದು ಬಾಳದು ಎಂದು ತೀರ್ಮಾನಿಸುವುದರಲ್ಲಿ. ಎರಡನೇ ಗೇರಿನ ಡಾಗ್ ಹಲ್ಲುಗಳ (ಗೇರನ್ನು ಕಚ್ಚಿ ಹಿಡಿದಿಡುವ ಸಣ್ಣ ಹಲ್ಲುಗಳ) ಅಂಚು ದುಂಡಗಾಗಿತ್ತು, ನಾನದನ್ನು ಗಮನಿಸದೆ ಹೊಸ ಸಿಂಕ್ರೊ ರಿಂಗ್ ಮಾತ್ರ ಹಾಕಿ ಮುಚ್ಚಿದೆ. ಸದ್ದು ಹೋಯಿತು, ಗೇರು ಹೊರಬೀಳುವುದು ಹೋಗಲಿಲ್ಲ. ಎಲ್ಲವನ್ನೂ ಮತ್ತೊಮ್ಮೆ ಇಳಿಸಬೇಕಾಯಿತು.

ಬಿಡಿಭಾಗಗಳ ವಿಚಾರವನ್ನು ಹಗುರವಾಗಿ ಎಣಿಸಬೇಡಿ. ಮುಂಬೈಯ ಕುರ್ಲಾದಲ್ಲಿ ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳು ಕಳೆದಿವೆ; 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ನಿವೃತ್ತವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ರಿಂಗ್ ಮತ್ತು ಬೇರಿಂಗ್ ಕೈಗೆ ಬಂದ ಮೇಲಷ್ಟೇ ಬಿಚ್ಚಿ. ಗುಜರಿಯಲ್ಲಿ ಇನ್ನೊಂದು ಇಡೀ ಗೇರ್‌ಬಾಕ್ಸ್ ಸಿಕ್ಕಿದರೆ ಬಿಡಬೇಡಿ.

ಎರಡನೇ ಉತ್ತರ:
ಬಹುಕಾಲ ವರ್ಕ್‌ಶಾಪ್ ನಡೆಸಿದವನಾಗಿ ಎರಡು ಮಾತು ಸೇರಿಸುತ್ತೇನೆ. ಗೇರ್‌ಬಾಕ್ಸನ್ನು ನೀವೇ ಇಳಿಸಿ, ತೊಳೆದು, ಪ್ರತಿ ಹಂತದ ಫೋಟೊ ತೆಗೆದುಕೊಳ್ಳಿ. ಶಾಫ್ಟಿನಿಂದ ಬೇರಿಂಗ್ ಕಳಚುವುದನ್ನೂ ಕೂರಿಸುವುದನ್ನೂ ಪ್ರೆಸ್ (ಭಾಗಗಳನ್ನು ಒತ್ತಿ ಕೂರಿಸುವ ಯಂತ್ರ) ಇರುವವರಿಗೇ ಬಿಡಿ. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗ್ ಬಹಳ ದಿನ ಬಾಳಿದ್ದನ್ನು ನಾನು ಕಂಡಿಲ್ಲ. ಜೋಡಿಸಿದ ಮೇಲೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಬೇಡಿ, ಅದರಲ್ಲಿರುವ ಗಂಧಕಯುಕ್ತ ಅಂಶಗಳು ಹಿತ್ತಾಳೆ, ಕಂಚಿನ ರಿಂಗುಗಳನ್ನು ತಿನ್ನಬಲ್ಲವು. ಮತ್ತೊಂದು ವಿಷಯ: ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ. ಸ್ಟ್ಯಾಂಡ್ ಇಟ್ಟೇ ಹೋಗಿ, ಗೇರ್‌ಬಾಕ್ಸ್ ಇಳಿಸುವಾಗ ಜೊತೆಗೊಬ್ಬರು ಇರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬುಷ್‌ಗಳು ಗಟ್ಟಿಯಾಗಿವೆ, ರಿವರ್ಸ್ ಸದ್ದಿಲ್ಲದೆ ಬಿತ್ತು. ಇಂದು ಬೆಳಿಗ್ಗೆ ಆಯಿಲ್ ಇಳಿಸಿದೆ. ತಟ್ಟೆಯ ತುಂಬ ಹಿತ್ತಾಳೆಯ ಮಿಂಚಿದೆ, ಆಯಸ್ಕಾಂತಕ್ಕೆ ಅಕ್ಕಿನುಚ್ಚಿನಷ್ಟು ಸಣ್ಣ ಎರಡು ಚೂರು ಅಂಟಿದವು. ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದ್ದೇನೆ. ಶನಿವಾರ ಜೆ.ಸಿ. ರಸ್ತೆಗೆ ಹೋಗಿ, ರಿಂಗಿನ ಜೊತೆ ಎರಡನೇ ಗೇರನ್ನೂ ವಿಚಾರಿಸಿ ಬರುತ್ತೇನೆ.