ಹೊಲಿಗೆ ತರಬೇತಿಗೆ ದುಡ್ಡು ಕಟ್ಟಬೇಕಾ?

ಪ್ರಶ್ನೆ: ನನ್ನ ತಂಗಿಗೆ 23 ವರ್ಷ, ಪಿಯುಸಿ ಆಗಿದೆ, ಹೊಲಿಗೆ ಕಲಿಯಬೇಕು ಅಂತ ಆಸೆ. ಊರಿಗೆ ಬಂದವರೊಬ್ಬರು ಸರ್ಕಾರಿ ತರಬೇತಿ ಕೊಡಿಸುತ್ತೇನೆ, ಮೊದಲು 2,000 ಕಟ್ಟಿ ಅಂದಿದ್ದಾರೆ. ಕಟ್ಟೋದಾ?

ಉತ್ತರ 1: ಒಂದು ರೂಪಾಯಿನೂ ಕೊಡಬೇಡಿ ಅಣ್ಣಾ. ಸೀದಾ ನಿಮ್ಮ ಜಿಲ್ಲೆಯ ಆರ್‌ಸೆಟಿಗೆ ಹೋಗಿ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಅದು, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಇದಕ್ಕೆ ಮಾದರಿ. ತರಬೇತಿ, ಊಟ, ವಸತಿ ಎಲ್ಲಾ ಉಚಿತ. ಬಡ ಗ್ರಾಮೀಣ ಅಭ್ಯರ್ಥಿಗಳ ಖರ್ಚನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಸಂಸ್ಥೆಗೇ ಕೊಡುತ್ತದೆ, ನಿಮ್ಮಿಂದ ಕೇಳುವ ಮಾತೇ ಇಲ್ಲ. ನಾನು ಕಲಿತದ್ದೂ ಹೀಗೇ. ಮೊದಲ ವಾರ ಬಟ್ಟೆ ಮುಟ್ಟಲು ಬಿಡಲಿಲ್ಲ, ಹಳೇ ಪೇಪರಿನ ಮೇಲೆ ಬ್ಲೌಸಿನ ಕುತ್ತಿಗೆ ಗೆರೆ ಎಳೆದು ಕತ್ತರಿಸಿ ಕತ್ತರಿಸಿ ಕೈ ಕೂತಿತು.

ಉತ್ತರ 2: ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯಲ್ಲೂ ದರ್ಜಿ ಕೆಲಸ ಇದೆ, ಒಟ್ಟು 18 ಕಸುಬು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿವರೆಗೆ ವೋಚರ್. ಆದರೆ ಅದು ಈಗಾಗಲೇ ಕಸುಬು ಮಾಡುತ್ತಿರುವವರಿಗೆ. ಮನೆಗೆ ಒಬ್ಬರಿಗೆ ಮಾತ್ರ. ಹೊಸದಾಗಿ ಕಲಿಯುವವರಿಗೆ ಆರ್‌ಸೆಟಿಯೇ ಸರಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯಿತು. ಏನೇನು ದಾಖಲೆ ಒಯ್ಯಲಿ?

ಉತ್ತರ 1: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿ, ನಾಲ್ಕು ಫೋಟೊ ಇಟ್ಟುಕೊಳ್ಳಿ. ಮುಂದಿನ ಬ್ಯಾಚ್ ಯಾವಾಗ ಅಂತ ಹೋಗಿಯೇ ಕೇಳಿ, ತಂಗಿಯನ್ನೂ ಕರೆದುಕೊಂಡು ಹೋಗಿ.